ದಾರಿ ಬಿಡದ ನ್ಯಿರಾಸಫಾರಿ

ನ್ಯಿರಾಸಫಾರಿ ರಸ್ತೆಯ ನಟ್ಟನಡುವೆ ನಡೆಯುತ್ತಾಳೆ. ಕಿಸೋರೊ ಪೇಟೆಯಿಂದ ಹೊರಟು, ನಮ್ಮ ದಿಣ್ಣೆಯನ್ನು ಬಳಸಿ ಬಳಸಿ ಏರಿ, ಕಾಡಿನ ಬಾಗಿಲಿಗೆ ಮುಟ್ಟುವ ಆ ಕರಿಮಣ್ಣಿನ ರಸ್ತೆಯಲ್ಲಿ, ಗೊರಿಲ್ಲಾ ದರ್ಶನಕ್ಕೆಂದು ಬಂದ ಪರದೇಶದವರನ್ನು ತುಂಬಿಕೊಂಡ ಗಾಡಿಗಳು ಹಿಂದಿನಿಂದ ಎಷ್ಟೇ ಹಾರ್ನ್ ಹೊಡೆಯಲಿ, ಆಕೆಯ ಹೆಜ್ಜೆಯ ಲಯ ಕೆಡುವುದಿಲ್ಲ. ಕುಳ್ಳು ಮೈ, ಅಗಲವಾದ ಪಾದ. ಮೊದಲು ಬೆರಳುಗಳನ್ನು ಊರಿ, ನೆಲದ ಮನಸ್ಸೇನೆಂದು ತಿಳಿದುಕೊಂಡು, ಆಮೇಲಷ್ಟೇ ಮೈಭಾರ ಬಿಡುವ ಆ ನಡಿಗೆ ಬೇರು ಬಂಡೆಗಳ ನಡುವೆ ಕಲಿತದ್ದು. ಸಪಾಟು ರಸ್ತೆಯ ಮೇಲೂ ಅದು ಬದಲಾಗಿಲ್ಲ. ಒಮ್ಮೆ ಒಬ್ಬ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ಏ ಮುದುಕಿ, ರಸ್ತೆ ಏನು ನಿಮ್ಮಪ್ಪಂದಾ?" ಎಂದು ಅರಚಿದ.

"ನಮ್ಮಪ್ಪಂದೇ ಕಣೋ. ಅವನು ಜೇನಿಗೆ ಹೋಗ್ತಿದ್ದ ಕಾಲುದಾರಿ ಮೇಲೇ ನೀವು ಮಣ್ಣು ಸುರಿದಿದ್ದು. ಕೇಳಿಸ್ತಾ?"

ತಿರುಗಿ ನೋಡದೆಯೇ ಹೇಳಿದಳು. ಈ 'ಕೇಳಿಸ್ತಾ' ಆಕೆಯ ಮಾತಿನ ಬಾಲ. ಉಪ್ಪು ಕೇಳಿದರೂ ಕೇಳಿಸ್ತಾ, ಶಾಪ ಹಾಕಿದರೂ ಕೇಳಿಸ್ತಾ. ಒಮ್ಮೆ ನಾನೇ ಕೇಳಿದ್ದೆ, ಯಾಕಮ್ಮಾ ಹಾಗನ್ನುತ್ತೀ ಎಂದು. "ಕಾಡಲ್ಲಿದ್ದಾಗ ಅನ್ತಿರಲಿಲ್ಲ ಮೇಷ್ಟ್ರೇ. ಅಲ್ಲಿ ಎಲ್ಲರಿಗೂ ಕೇಳಿಸ್ತಿತ್ತು" ಎಂದಳು.

ಆಕೆ ಬಟ್ವಾ ಜನದವಳು. ನಾನು ಈ ದಿಣ್ಣೆಯ ಶಾಲೆಯಲ್ಲಿ ಪಾಠ ಹೇಳುವವನು, ಉತ್ತು ಬಿತ್ತುವ ಬಫುಂಬಿರಾ ಮನೆತನದವನು. ನಮ್ಮ ಅಜ್ಜಂದಿರು ಕೊಡಲಿಯಿಂದ ಕಾಡಿನ ಅಂಚನ್ನು ಕಡಿಯುತ್ತ ಬಂದರು. ಆಕೆಯ ಹಿರಿಯರು ಆ ಕಾಡಿನ ಗರ್ಭದಲ್ಲಿಯೇ ಹುಟ್ಟಿ, ಅಲ್ಲಿಯೇ ಮಣ್ಣಾದರು. ನ್ಯಿರಾಸಫಾರಿ ಚೊಚ್ಚಲ ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಕಾಲದಲ್ಲಿ, ಗೊರಿಲ್ಲಾಗಳ ಕುಲ ಉಳಿಯಬೇಕೆಂದು ಸರಕಾರ ಕಾಡಿಗೆ ಗಡಿ ಹಾಕಿತು. ಬಂದೂಕಿನವರು ಬಂದು ಹೊರಡಿ ಎಂದರು. ಕಾಡಿನೊಳಗೆ ಉತ್ತವರಿಗೆ ಅಷ್ಟೋ ಇಷ್ಟೋ ಪರಿಹಾರ ಸಿಕ್ಕಿತು. ಒಂದು ಮರವನ್ನೂ ಉರುಳಿಸದೆ, ಒಂದು ಸಾಲನ್ನೂ ಉಳದೆ, ಕಾಡನ್ನು ಕಾಡಾಗಿಯೇ ಇಟ್ಟುಕೊಂಡಿದ್ದ ಬಟ್ವಾಗಳಿಗೆ ಏನೂ ಇಲ್ಲ. ಏಕೆಂದರೆ ಅವರು ಅಲ್ಲಿದ್ದರೆಂಬುದಕ್ಕೆ ಗುರುತೇ ಇರಲಿಲ್ಲವಂತೆ. ನೆಲಕ್ಕೆ ಗಾಯ ಮಾಡಿದವನಷ್ಟೇ ನೆಲದ ಒಡೆಯನೆಂಬ ಈ ನ್ಯಾಯವನ್ನು ಯಾವ ಮಹಾನುಭಾವ ಕಂಡುಹಿಡಿದನೋ! ಅಂದಿನಿಂದ ಆಕೆಯ ಗುಡಿಸಲು ನಮ್ಮವರ ಆಲೂಗಡ್ಡೆ ಹೊಲಗಳ ಏಣಿನಲ್ಲಿ, ಒಬ್ಬ ಒಡೆಯನ ಮರ್ಜಿಯ ಮೇಲೆ ನಿಂತಿದೆ. ಕೂಲಿಗೆ ಬಾ ಎಂದರೆ ಹೋಗಬೇಕು, ಗುಡಿಸಲು ಕೀಳು ಎಂದರೆ ಕೀಳಬೇಕು.

ಆಕೆಯದೊಂದು ಕೋಟಿತ್ತು. ಯಾರೋ ಪ್ರವಾಸಿ ಬಿಟ್ಟುಹೋದ ನೀಲಿ ಮಳೆಕೋಟು. ಬೆನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಯಾವುದೋ ಹಿಮದ ನಾಡಿನ ಹೆಸರು. ಆಕೆ ಅದನ್ನು ಸದಾ ಒಳಗು ಹೊರಗಾಗಿಯೇ ತೊಡುತ್ತಿದ್ದಳು. ಒಳಗಿನ ಬೂದು ಅಸ್ತರು ಮಳೆಯಲ್ಲಿ ನೆನೆದು ಜೋತುಬೀಳುತ್ತಿತ್ತು, ಹೊಲಿಗೆಗಳು ಹೊರಗೆ ಇಣುಕುತ್ತಿದ್ದವು. ತಿರುಗಿಸಿ ಹಾಕಿಕೊಂಡರೆ ಮೈ ಬೆಚ್ಚಗಿರುತ್ತದಲ್ಲ ಎಂದರೆ, "ಬೆಚ್ಚಗಿರುತ್ತೆ, ಆದ್ರೆ ಅವರೂರ ಹೆಸರನ್ನ ನಾನ್ಯಾಕೆ ಹೊರಲಿ?" ಎನ್ನುವಳು.

ಆಕೆಯ ಸ್ವಂತ ಹೆಸರೂ ಪ್ರವಾಸಿಗರಿಗೆ ವಿನೋದದ ವಸ್ತು. ನಮ್ಮಲ್ಲಿ, ತಾಯಿ ದಾರಿಯಲ್ಲಿರುವಾಗ ಹುಟ್ಟಿದ ಹೆಣ್ಣಿಗೆ ಇಡುವ ಹೆಸರು ಅದು. ಬಿಳಿಯರು ಕೇಳಿದೊಡನೆ "ಸಫಾರಿ! ಸಫಾರಿ!" ಎಂದು ಕುಣಿಯುತ್ತಿದ್ದರು, ತಮಗಾಗಿಯೇ ಇಟ್ಟ ಹೆಸರೇನೋ ಎಂಬಂತೆ.

ಕಾಡಿನ ಬಾಗಿಲ ಬಳಿಯ ದೊಡ್ಡ ವಸತಿಗೃಹದಲ್ಲಿ, ಬೆಳಿಗ್ಗೆ ಗೊರಿಲ್ಲಾ ನೋಡಿ ದಣಿದು ಬಂದವರಿಗೆ ಮಧ್ಯಾಹ್ನ ಬಟ್ವಾಗಳನ್ನು ತೋರಿಸುವ ಏರ್ಪಾಡಿದೆ. ಮೈಮೇಲಿನ ಅಂಗಿ ಬಿಚ್ಚಿಸಿ ತೊಗಲು ಉಡಿಸುತ್ತಾರೆ. ಕೊರಳಿನ ಶಿಲುಬೆಯನ್ನು ಒಳಗೆ ಸೇರಿಸು ಎನ್ನುತ್ತಾರೆ. ಕಡ್ಡಿ ತಿಕ್ಕಿ ಬೆಂಕಿ ಮಾಡಿ ತೋರಿಸು, ಇಲ್ಲದ ಜಿಂಕೆಗೆ ಬಾಣ ಹೂಡು. ತಾವು ಹೊರದಬ್ಬಲ್ಪಟ್ಟ ಬದುಕನ್ನು, ಅದರ ಹೊಸ್ತಿಲಲ್ಲಿಯೇ ನಿಂತು, ದಬ್ಬಿದವರ ಅತಿಥಿಗಳ ಮುಂದೆ ಅಭಿನಯಿಸಿ ಹೊಟ್ಟೆ ಹೊರೆಯುವ ಈ ದೌರ್ಭಾಗ್ಯಕ್ಕೆ ಅಲ್ಲಿ ಸಂಸ್ಕೃತಿ ಎಂದು ಹೆಸರು. ನ್ಯಿರಾಸಫಾರಿ ಅದರ ಮುಖ್ಯ ಗಾಯಕಿ. ಆಕೆಯ ದನಿಗೆ ಕಣಿವೆಯ ಆಚೆ ದಡದಲ್ಲಿ ದನ ಕಾಯುವವರೂ ತಲೆಯೆತ್ತುತ್ತಿದ್ದರು. ಹಾಡು ಮಾತ್ರ ಆಕೆಯೇ ಕಟ್ಟಿದ್ದು:

"ದಪ್ಪ ಹೊಟ್ಟೆಯ ಅಣ್ಣ ಬಂದೆಯಾ, ನಮ್ಮ ಮನೆ ನೋಡಲು ಬಂದೆಯಾ,
ನನ್ನ ಬಾಗಿಲಲ್ಲಿ ನನ್ನನ್ನೇ ನಿಲ್ಲಿಸಿ ಒಳಗೆ ನೀನು ಹೋದೆಯಾ."

ಮಾರ್ಗದರ್ಶಿ ರುಕುಂಡೊ, ನನ್ನ ಹಳೆಯ ಶಿಷ್ಯ, ಇದನ್ನು ಇಂಗ್ಲಿಷಿಗೆ ತಿರುಗಿಸಿ, "ನೀವು ಬಂದದ್ದು ನಮ್ಮ ಪುಣ್ಯ ಎನ್ನುತ್ತಿದ್ದಾರೆ" ಎಂದು ಹೇಳುತ್ತಿದ್ದ. ಒಂದು ದಿನ ಮ್ಯಾನೇಜರ್ ಜೊತೆ ಜಗಳವಾಡಿ ಬಂದವನು, ಆ ಸಿಟ್ಟಿನಲ್ಲಿ, ಹಾಡಿದ್ದನ್ನು ಹಾಡಿದ ಹಾಗೆಯೇ ಹೇಳಿಬಿಟ್ಟ. ಅಂಗಳದಲ್ಲಿ ದೊಡ್ಡ ಚಪ್ಪಾಳೆ. ಒಬ್ಬ ಹೆಂಗಸು ಕಣ್ಣೊರೆಸಿಕೊಂಡು, ಇನ್ನೊಮ್ಮೆ ಹಾಡಿಸಬಹುದೇ, ಮೊದಲ ಸಲ ಚಿತ್ರ ಸರಿಯಾಗಿ ಬರಲಿಲ್ಲ ಎಂದಳು.

"ಬೈದ್ರೂ ಚಪ್ಪಾಳೆ ಹೊಡೀತಾರಲ್ಲ ಮೇಷ್ಟ್ರೇ, ಇವರನ್ನ ಏನು ಮಾಡೋದು?" ಎಂದು ಆಕೆ ನನ್ನ ಶಾಲೆಯ ಜಗಲಿಯಲ್ಲಿ ಕುಳಿತು ಜೋಳದ ಗಂಜಿ ಕುಡಿಯುತ್ತ ಗೊಣಗಿದಳು. ಮತ್ತೆ ತಾನೇ ಉರಿದೆದ್ದಳು: "ನಾನು ಕೆಮ್ಮಿದ್ರೆ ದೂರ ನಿಲ್ಲು ಅಂತಾರೆ, ಗೊರಿಲ್ಲಾಕ್ಕೆ ನೆಗಡಿ ಹತ್ತುತ್ತಂತೆ. ಅದು ಕೆಮ್ಮಿದ್ರೆ ಡಾಕ್ಟರು ಗುಡ್ಡ ಹತ್ತಿ ಬರ್ತಾರೆ. ನನಗೆ ಅದರ ಮೇಲೆ ಕೋಪ ಇಲ್ಲ, ಅದು ನಮ್ಮ ನೆರೆಯದು. ಅದನ್ನ ಮುಂದಿಟ್ಕೊಂಡು ನಮ್ಮನ್ನ ಹಿಂದೆ ತಳ್ಳಿದೋರ ಮೇಲೆ. ಕೇಳಿಸ್ತಾ?"

ಅದೇ ವರ್ಷ, ಮಳೆ ನಿಂತ ಕಾಲದಲ್ಲಿ ಆಕೆಯ ಸೊಸೆ ತುಯಿಸೆಂಗೆ ತುಂಬು ಬಸುರಿ. ಮಗ ಸೆಬುಹೊರೊಗೆ ವಸತಿಗೃಹದಲ್ಲಿ ಡೋಲಿ ಹೊರುವ ಕೆಲಸ ಸಿಕ್ಕಿತ್ತು. ಬಟ್ವಾ ಹುಡುಗನೊಬ್ಬನಿಗೆ ಆ ಕೆಲಸ ದೊರೆಯುವುದೇ ದೊಡ್ಡದು. ಮೊದಲೆಲ್ಲ ನಮ್ಮ ಊರುಗಳಲ್ಲಿ ರೋಗಿಗಳನ್ನೂ ಹೆರಿಗೆಯ ಹೆಂಗಸರನ್ನೂ ಬೆಟ್ಟದಿಂದಿಳಿಸಲು ಬಿದಿರಿನ ಡೋಲಿಗಳಿದ್ದವು. ಈಗ ಅವು ಉಳಿದಿರುವುದು ವಸತಿಗೃಹದಲ್ಲಿ ಮಾತ್ರ; ಅದೇ ಡೋಲಿಗೆ ಮೆತ್ತೆ ಹೊದಿಸಿ, ಮೊಣಕಾಲು ಸೋತ ಪ್ರವಾಸಿಗರನ್ನು ಗೊರಿಲ್ಲಾಗಳ ಬಳಿಗೆ ಹೊತ್ತೊಯ್ಯುತ್ತಾರೆ. ಹೊರುವವರು ತಮಾಷೆಗೆ ಅದನ್ನು ಹೆಲಿಕಾಪ್ಟರ್ ಎನ್ನುತ್ತಾರೆ.

ಒಂದು ಬೆಳಿಗ್ಗೆ, ಮಗ ಕೆಲಸಕ್ಕೆ ಹೋದಮೇಲೆ, ಸೊಸೆಯ ಹೆರಿಗೆ ಕೆಟ್ಟಿತು. ನ್ಯಿರಾಸಫಾರಿ ಓಡುತ್ತ ನನ್ನಲ್ಲಿಗೆ ಬಂದಳು, ಕೋಟಿಲ್ಲದೆ, ಬರಿಗಾಲಲ್ಲಿ. "ಮಗು ಅಡ್ಡ ಬಿದ್ದಿದೆ, ಕೈ ಹೊರಗೆ ಬಂದಿದೆ. ಆಸ್ಪತ್ರೆಗೆ ಫೋನ್ ಹಚ್ಚಿ." ಹಚ್ಚಿದೆ. ಗುಡಿಸಲವರೆಗೆ ಗಾಡಿ ಬಾರದು, ಕಾಲುದಾರಿ ಪೇಟೆಯ ರಸ್ತೆಗೆ ಕೂಡುವಲ್ಲಿಯ ತನಕ ಹೊತ್ತು ತನ್ನಿ, ಅಲ್ಲಿಗೆ ಕಳಿಸುತ್ತೇವೆ ಎಂದರು. ನಾನು ಫೋನ್ ಇಡುವಷ್ಟರಲ್ಲಿ ಆಕೆ ವಸತಿಗೃಹದ ದಾರಿ ಹಿಡಿದಾಗಿತ್ತು. ನಾನು ಹಿಂದೆಯೇ ಓಡಿದೆ.

ಅಂಗಳದಲ್ಲಿ ಡೋಲಿ ಆಗಲೇ ಹೆಗಲೇರಿತ್ತು. ಮೇಲೆ ಒಬ್ಬ ವೃದ್ಧ ಬಿಳಿಯ, ಮೊಣಕಾಲಿಗೆ ಪಟ್ಟಿ, ಮಡಿಲಲ್ಲಿ ಕ್ಯಾಮೆರಾ. ಮುಂದಿನ ಬಲಗೋಲಿಗೆ ಸೆಬುಹೊರೊ. ನ್ಯಿರಾಸಫಾರಿ ಎದುರು ನಿಂತು ಎರಡೂ ಕೈಗಳಿಂದ ಡೋಲಿಯ ಬಿದಿರು ಗಳು ಹಿಡಿದಳು.

"ಇಳಿಸ್ರೋ ಅವನನ್ನ."

"ಅವ್ವಾ, ಏನಾಯ್ತು?"

"ನಿನ್ನ ಹೆಂಡ್ತಿ ಸಾಯ್ತಿದ್ದಾಳೆ. ಇಳಿಸು."

ವೃದ್ಧ ಇದನ್ನು ಬೀಳ್ಕೊಡುವ ಸಂಪ್ರದಾಯವೆಂದು ತಿಳಿದನೋ ಏನೋ, ನಗುತ್ತ ಆಕೆಯ ಚಿತ್ರ ತೆಗೆದ. ಕೈ ಬೀಸಿದ. ಮ್ಯಾನೇಜರ್ ದಡದಡನೆ ಮೆಟ್ಟಿಲಿಳಿದು ಬಂದ. "ಅಜ್ಜೀ, ದಾರಿ ಬಿಡು. ಇವರ ಪರ್ಮಿಟ್ಟು ಇವತ್ತಿಂದು ಮಾತ್ರ, ಹೊತ್ತು ಮೀರಿದ್ರೆ ಒಳಗೆ ಬಿಡಲ್ಲ. ಸಂಜೆ ಡೋಲಿ ವಾಪಸ್ ಬರುತ್ತೆ, ಆಗ ತಗೊಂಡು ಹೋಗು."

"ಸಂಜೆಗೆ ಅವಳಿಗೆ ಡೋಲಿ ಬೇಡ, ಗುದ್ದಲಿ ಸಾಕು."

"ಸೆಬುಹೊರೊ, ಹೆಗಲು ತಪ್ಪಿಸಿದ್ಯೋ, ನಾಳೆಯಿಂದ ಈ ಕಡೆ ಬರಬೇಡ."

ಆ ಹುಡುಗನ ಮುಖವನ್ನು ನಾನು ಮರೆಯಲಾರೆ. ಹೆಗಲ ಮೇಲೆ ಅನ್ನ, ಎದುರಿಗೆ ತಾಯಿ. ಅವನು ಬೇಡಿಕೊಂಡ, ನಾನು ಬೇಡಿಕೊಂಡೆ, ಮ್ಯಾನೇಜರ್ ಪೊಲೀಸರ ಹೆಸರೆತ್ತಿದ. ಬಿಸಿಲು ಮೇಲೇರುತ್ತಲೇ ಇತ್ತು. ಆಕೆ ಮಾತ್ರ ಗಳು ಬಿಡಲಿಲ್ಲ. ಕಾವಲುಗಾರ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಾಗ ಅವನ ಮಣಿಕಟ್ಟನ್ನು ಕಚ್ಚಿದಳು. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಓಡಿಬಂದ ರುಕುಂಡೊ ಮೇಲೆ ಕುಳಿತವನಿಗೆ ವಿಷಯ ತಿಳಿಸಿದ. ವೃದ್ಧ ಕ್ಯಾಮೆರಾ ಬದಿಗೆ ಸರಿಸಿದ. "ಇಳಿಸಿ, ಇಳಿಸಿ" ಎಂದು ತಾನೇ ಕಾಲು ಚಾಚಿದ. ಕೆಳಗಿಳಿದು ಆಕೆಯ ಭುಜ ಮುಟ್ಟಿ ಏನೋ ಸಮಾಧಾನ ಹೇಳಿದ. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, ನಾಳೆಗೆ ಪರ್ಮಿಟ್ಟು ಬದಲಿಸಿ ಕೊಡಲಾಗುತ್ತದೆಯೇ ಎಂದು ಕೇಳಿದ. ಕೆಟ್ಟ ಮನುಷ್ಯನೆಂದು ಹೇಳಲಾರೆ. ಅದಕ್ಕೇ ನನಗೆ ಇನ್ನೂ ಉರಿಯುತ್ತದೆ.

ಹೊರುವವರಲ್ಲಿ ಒಬ್ಬ ಹೆದರಿ ಹಿಂದುಳಿದ. ಅವನ ಜಾಗಕ್ಕೆ ರುಕುಂಡೊ ತನ್ನ ಸಮವಸ್ತ್ರದ ಟೋಪಿಯನ್ನು ಕಳಚಿ ಬಿಸುಟು ಹೆಗಲು ಕೊಟ್ಟ. ತುಯಿಸೆಂಗೆಯನ್ನು ಆ ಮೆತ್ತೆಯ ಮೇಲೆ ಮಲಗಿಸಿ ಇಳಿದೆವು. ಆಸ್ಪತ್ರೆಯಲ್ಲಿ ತಾಯಿ ಉಳಿದಳು. ಮಗು ಉಳಿಯಲಿಲ್ಲ. "ಇನ್ನೊಂದು ಸ್ವಲ್ಪ ಬೇಗ ತಂದಿದ್ರೆ" ಎಂದು ಡಾಕ್ಟರಮ್ಮ ಅರ್ಧಕ್ಕೇ ಮಾತು ನಿಲ್ಲಿಸಿದರು. ಅಂಗಳದಲ್ಲಿ ವಾದದಲ್ಲಿ ಕಳೆದುಹೋದ ಹೊತ್ತೇ ಆ 'ಸ್ವಲ್ಪ' ಎಂಬುದು ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು. ನ್ಯಿರಾಸಫಾರಿ ಅಳಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಗಂಡುಕೂಸನ್ನು ಎತ್ತಿ ಎದೆಗೊತ್ತಿಕೊಂಡಳು.

ಮರುದಿನ ಬೆಳಿಗ್ಗೆ ಮಣ್ಣು ಮಾಡಲು ಜಾಗ ಕೇಳಿದಾಗ ಹೊಲದ ಒಡೆಯ, ನಮ್ಮವನೇ, ಬೇಲಿಯಾಚೆಯಿಂದಲೇ ಹೇಳಿದ: "ನನ್ನ ಹೊಲದಲ್ಲಿ ಗೋರಿ ಬೇಡ. ಇವತ್ತು ಗೋರಿ, ನಾಳೆ ಈ ನೆಲ ನಂದು ಅಂತೀರಿ." ಆಕೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು, ಬದುಕಿದ್ದ ಕೂಸನ್ನು ಕಟ್ಟಿಕೊಳ್ಳುವ ಹಾಗೆಯೇ, ತಲೆಗೆ ನೆರಳಾಗುವಂತೆ ಬಟ್ಟೆಯ ಅಂಚು ಸರಿಪಡಿಸಿ. ಹಾಡುಹಗಲಲ್ಲಿ, ಪ್ರವಾಸಿಗಳು ಸಾಲಾಗಿ ನಿಂತು ನಿಯಮಗಳನ್ನು ಕೇಳುತ್ತಿದ್ದ ಕಾಡಿನ ಬಾಗಿಲ ಮುಂದಿನಿಂದಲೇ ಹೋಗಿ, ಬಿದಿರು ಮೆಳೆಯೊಳಗೆ ನುಗ್ಗಿದಳು. ಕಾವಲಿನವರು ಪ್ರವಾಸಿಗಳ ಕಡೆ ನೋಡುತ್ತಿದ್ದರು. ಬಟ್ವಾ ಮುದುಕಿಯೊಬ್ಬಳು ಮಗುವನ್ನು ಹೊತ್ತು ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಮಧ್ಯಾಹ್ನ ಆಕೆ ಹೊರಬಂದಾಗ ಹಿಡಿದರು. ಸುದ್ದಿ ತಿಳಿದು ನಾನು ಚೌಕಿಗೆ ಹೋದಾಗ ಆಕೆ ನೆಲದ ಮೇಲೆ ಕುಳಿತಿದ್ದಳು, ಮೊಣಕೈವರೆಗೆ ಕರಿಮಣ್ಣು. ಎದುರಿಗೆ ಕೋವಿ ಹಿಡಿದ ಎಳೆಯ ಕಾವಲಿನವ.

"ಏನು ತಗೊಂಡು ಬಂದೆ ಕಾಡಿಂದ? ಜೇನಾ? ಉರುಳಿಟ್ಟಿದ್ಯಾ?"

"ಏನೂ ತಗೊಂಡು ಬರಲಿಲ್ಲ. ಕೊಟ್ಟು ಬಂದೆ."

"ಏನು ಕೊಟ್ಟೆ?"

"ಮೊಮ್ಮಗನ್ನ. ನಮ್ಮಪ್ಪ ಅಲ್ಲೇ ಇದ್ದಾನೆ, ನೋಡ್ಕೋತಾನೆ. ಹೋಗಿ ಅಗೆದು ತಗೋತೀಯಾ?"

ಆ ಹುಡುಗ ಕೋವಿಯನ್ನು ಗೋಡೆಗೊರಗಿಸಿ ಹೊರಗೆ ಹೋಗಿ ನಿಂತ. ಇಳಿಹೊತ್ತಿಗೆ ಮೇಲಿನವರು ಬಂದು, ಎಚ್ಚರಿಕೆ ಕೊಟ್ಟು ಬಿಟ್ಟರು.

ಸೆಬುಹೊರೊನ ಕೆಲಸ ಹೋಯಿತು, ರುಕುಂಡೊನದೂ ಹೋಯಿತು. ನ್ಯಿರಾಸಫಾರಿಯನ್ನು ಕುಣಿತದ ಗುಂಪಿನಿಂದ ತೆಗೆದರು. ಗುಂಪಿನ ಹೆಂಗಸರೇ ಆಕೆಯನ್ನು ಬೈದರು: ನಿನ್ನಿಂದ ನಮ್ಮ ಕೂಳಿಗೂ ಕಲ್ಲು ಬಿತ್ತು, ಬಾಯಿ ಮುಚ್ಚಿಕೊಂಡಿರಲು ನಿನಗೇನು ರೋಗ? ಅವರನ್ನು ದೂಷಿಸುವ ಅಧಿಕಾರ ನನಗಿಲ್ಲ. ಅವರ ಮಕ್ಕಳೂ ಹಸಿದಿದ್ದವು. ಮುಂದಿನ ವರ್ಷ ವಸತಿಗೃಹದ ಬಣ್ಣದ ಪುಸ್ತಿಕೆಯೊಂದನ್ನು ರುಕುಂಡೊ ನನಗೆ ತಂದು ತೋರಿಸಿದ. ಅದರಲ್ಲಿ ಆ ವೃದ್ಧ ತೆಗೆದ ಚಿತ್ರವಿತ್ತು. ಗಳು ಹಿಡಿದು ಬಾಯ್ದೆರೆದು ಕೂಗುತ್ತಿರುವ ನ್ಯಿರಾಸಫಾರಿ. ಕೆಳಗೆ ಒಂದು ಸಾಲು: ನಮ್ಮ ಅತಿಥಿಗಳನ್ನು ಹಾಡಿ ಹರಸುವ ಬಟ್ವಾ ಅಜ್ಜಿ. ಅದನ್ನು ಆಕೆಗೆ ಓದಿ ಹೇಳಿದಾಗ ಪುಸ್ತಿಕೆಯನ್ನು ಹತ್ತಿರ ಹಿಡಿದು ನೋಡಿದಳು. "ಮುಖ ಚೆನ್ನಾಗಿ ಬಂದಿದೆ" ಎಂದಷ್ಟೇ ಹೇಳಿ ಆಲೂಗಡ್ಡೆ ಹೊಲದ ಕಡೆ ನಡೆದಳು.

ಇಂಥವರನ್ನು ಇಲಾಖೆ ಅಡ್ಡಿ ಎನ್ನುತ್ತದೆ, ವಸತಿಗೃಹ ಕೃತಘ್ನರೆನ್ನುತ್ತದೆ, ಊರು ಬಾಯಿಬಡುಕರೆನ್ನುತ್ತದೆ, ಒಮ್ಮೊಮ್ಮೆ ಸ್ವಂತ ಜನವೂ ಹಾಗೆಯೇ ಅನ್ನುತ್ತದೆ. ಮನೆ ಕಸಿದುಕೊಂಡವನು ಅಂಗಳದಲ್ಲಿ ಒಂದು ಹಿಡಿ ಕಾಳು ಚೆಲ್ಲಿದಾಗ, ಬಗ್ಗಿ ಆಯ್ದುಕೊಂಡು ಉಪಕಾರ ಸ್ಮರಿಸುವುದನ್ನು ಲೋಕ ಸೌಜನ್ಯವೆಂದು ಕರೆಯುತ್ತದೆ. ಹೊಟ್ಟೆಗಾಗಿ ಆ ಕಾಳನ್ನು ಆಯ್ದರೂ ಉಪಕಾರವನ್ನು ಮಾತ್ರ ಸ್ಮರಿಸಲಾರದ ಜನ ಕೆಲವರಿರುತ್ತಾರೆ. ಅವರಿಂದ ಯಾರಿಗೂ ಲಾಭವಿಲ್ಲ; ಅವರ ಕೋಪದಿಂದ ಕಾಡು ಮರಳಿ ಬರುವುದಿಲ್ಲ, ಸತ್ತ ಮಗು ಉಸಿರಾಡುವುದಿಲ್ಲ. ಆದರೂ ನಡೆದದ್ದು ಅನ್ಯಾಯವೆಂಬ ನೆನಪು ಈ ಭೂಮಿಯ ಮೇಲೆ ಎಲ್ಲಿಯಾದರೂ ಬಿಸಿಯಾಗಿ ಉಳಿದಿದ್ದರೆ, ಅದು ಇಂಥ ಕೆಲವರ ಒಡಲಿನಲ್ಲಿ. ಅವರು ತಣ್ಣಗಾದ ದಿನ ಉಳಿದ ನಾವೆಲ್ಲರೂ ಒಳ್ಳೆಯವರಾಗಿಬಿಡುತ್ತೇವೆ. ನನ್ನ ಭಯ ಅದೇ.