ಹಳದಿ ಚುಕ್ಕೆ

ಫೋರ್‌ಮನ್ ಅಣ್ಣ ಒಂದು ದಿನವೂ ಫೋರ್‌ಮನ್ ಆಗಿದ್ದವರಲ್ಲ. ನೀಲಿ ಕಂಪನಿಯ ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿ ದುಡಿದರು, ಕಾರ್ಖಾನೆಗೆ ಬೀಗ ಬಿದ್ದ ದಿನವೂ ಫಿಟ್ಟರ್ ಆಗಿಯೇ ಮನೆಗೆ ಬಂದರು. ಕಂಪನಿ ಕೊಡದ ಬಡ್ತಿಯನ್ನು ಬೀದಿಯವರು ನಾವು ಕೊಟ್ಟೆವು. ಅವರೂ ಬೇಡವೆನ್ನಲಿಲ್ಲ.

ಅವರ ಹತ್ತಿರ ಇದ್ದದ್ದು ಅದೇ ಕಂಪನಿಯ ಗಾಡಿ. ಅವರೇ ಜೋಡಿಸಿದ್ದು. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತಂತೆ. ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿ ಮಾಡಿದವನು ಅದರ ಮೇಲೆ ಸಣ್ಣ ಕುಂಚದಿಂದ ಒಂದು ಹಳದಿ ಚುಕ್ಕೆ ಇಡಬೇಕು. ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಲೋಹದ ಮೇಲೆ. ಆಮೇಲೆ ಯಾರಾದರೂ ನಟ್ಟು ತಿರುಗಿಸಿದರೆ ಬಣ್ಣ ಬಿರಿದು ಗೊತ್ತಾಗಿಬಿಡುತ್ತದೆ. ಭಾನುವಾರ ನನ್ನ ಗ್ಯಾರೇಜಿನ ಮುಂದೆ ನೀಲಿ ಗಾಡಿಯವರು ಐದಾರು ಮಂದಿ ಸೇರುತ್ತಿದ್ದರು. ಆಗ ಫೋರ್‌ಮನ್ ಅಣ್ಣ ಬಗ್ಗಿ ಬೆರಳು ತೋರಿಸುತ್ತಿದ್ದರು.

"ನೋಡ್ರಯ್ಯಾ, ಇಪ್ಪತ್ತೆರಡು ವರ್ಷ ಆಯ್ತು. ಒಂದು ಚುಕ್ಕೆ ಬಿರಿದಿದ್ಯಾ? ಒಬ್ಬನಾದ್ರೂ ಇದನ್ನ ಬಿಚ್ಚೋ ಪ್ರಸಂಗ ಬಂದಿದ್ಯಾ? ಕಂಪನಿ ನಿಂತುಹೋಯ್ತು, ಗಾಡಿ ನಿಂತಿಲ್ಲ!"

ಉಳಿದವರು ತಲೆದೂಗುತ್ತಿದ್ದರು. ಬೀದಿಯಲ್ಲಿ ಎದುರಾಳಿ ಕೆಂಪು ಕಂಪನಿಯ ಗಾಡಿ ಹೋದರೆ ಎಲ್ಲರೂ ಒಟ್ಟಿಗೆ ಮೂಗು ಮುರಿಯುತ್ತಿದ್ದರು. ನಾನು ತಲೆ ಬಗ್ಗಿಸಿ ಸ್ಪಾನರ್ ಒರೆಸುತ್ತಾ ಕೂತಿರುತ್ತಿದ್ದೆ. ಏಕೆಂದರೆ ಆ ಚುಕ್ಕೆಗಳಲ್ಲಿ ಅರ್ಧಕ್ಕರ್ಧ ನಾನು ಇಟ್ಟವು.

ಇದು ಶುರುವಾದದ್ದು ಒಂಬತ್ತು ವರ್ಷದ ಹಿಂದೆ, ಕಾರ್ಖಾನೆ ಮುಚ್ಚಿದ ತಿಂಗಳಲ್ಲೇ. ಅಣ್ಣನ ಕೈ ನಡುಗಲು ತೊಡಗಿತ್ತು. ಸ್ಪಾನರ್ ಹಿಡಿದರೆ ನಟ್ಟಿಗೆ ಕೂರುತ್ತಿರಲಿಲ್ಲ. ಹಾಗಾಗಿ ಗಾಡಿಯನ್ನು ನನ್ನಲ್ಲಿಗೆ ತಂದರು. "ಎಣ್ಣೆ ಬದಲಾಯಿಸು ಸಾಕು. ಮಿಕ್ಕಿದ್ದೆಲ್ಲಾ ಗಟ್ಟಿಯಾಗಿದೆ" ಅಂದರು. ಗಟ್ಟಿ ಎಲ್ಲಿ ಬಂತು? ಎಂಜಿನ್ನು ಒಳಗಿಂದ ಟಕಟಕ ಹೊಡೆದುಕೊಳ್ಳುತ್ತಿತ್ತು, ಬೇರಿಂಗ್ ಹೋಗಿತ್ತು. ಮುಚ್ಚಿದ ಕಂಪನಿಯ ಬಿಡಿಭಾಗ ಎಲ್ಲಿಂದ ತರಲಿ? ಕೆಂಪು ಕಂಪನಿಯ ಬೇರಿಂಗನ್ನೇ ಹಾಗೂ ಹೀಗೂ ಹೊಂದಿಸಿ ಕೂರಿಸಿದೆ. ಸಂಜೆ ಅವರು ಬಂದು ಕಿಕ್ಕರ್ ಒದ್ದರು. ಒಂದೇ ಒದೆಗೆ ಗಾಡಿ ಶುರುವಾಯಿತು. ಸದ್ದು ಕೇಳಿ ಅವರ ಕಣ್ಣು ತುಂಬಿತು. "ಕೇಳಿದ್ಯೇನಯ್ಯಾ? ನಮ್ಮ ಕೈಕೆಲಸ!" ಅಂದರು. ಕೆಲಸ ಕಳಕೊಂಡು ಹದಿನೈದು ದಿನವಾಗಿದ್ದ ಮನುಷ್ಯ. ಅವರಿಗೆ ನಾನು ಏನು ಹೇಳಲಿ?

ಅಲ್ಲಿಂದ ಮುಂದೆ ಒಂದಾದ ಮೇಲೊಂದು. ಕ್ಲಚ್ಚು, ಪಿಸ್ಟನ್ನು, ಕಡೆಗೆ ಮುಂದಿನ ಬ್ರೇಕು. ಬಿಚ್ಚಿದಲ್ಲೆಲ್ಲಾ ಬಿರಿದ ಚುಕ್ಕೆಯನ್ನು ಉಜ್ಜಿ ತೆಗೆದು ಹೊಸದು ಇಡುತ್ತಿದ್ದೆ. ಬಣ್ಣ ಎಲ್ಲಿಯದು ಎಂದರೆ ಅಂಗಡಿಯಲ್ಲಿ ಸಿಗುವ ಉಗುರುಬಣ್ಣ. ನನ್ನ ಹೆಂಡತಿ ಒಮ್ಮೆ ಸೀಸೆ ಎತ್ತಿ ಹಿಡಿದು ಕೇಳಿದಳು:

"ನಾನು ಹುಟ್ಟಿದಾಗಿಂದ ಹಳದಿ ಉಗುರುಬಣ್ಣ ಹಚ್ಚಿಲ್ಲ. ಇದು ಯಾರಿಗೆ ರೀ?"

"ಫೋರ್‌ಮನ್ ಅಣ್ಣನಿಗೆ."

ಅವಳು ನಕ್ಕು ನಕ್ಕು ಸುಸ್ತಾದಳು. ನಿಜ ತಿಳಿದ ಮೇಲೆ ನಗಲಿಲ್ಲ. "ಯಾವತ್ತೋ ಒಂದಿನ ಇದು ನಿಮ್ಮ ಕುತ್ತಿಗೆಗೆ ಬರುತ್ತೆ" ಅಂದಳು. ಅಣ್ಣ ಗಾಡಿ ಓಡಿಸುವುದು ಮನೆಯಿಂದ ಮಾರುಕಟ್ಟೆಗೆ, ಎರಡು ಮೈಲಿ ಸಪಾಟು ರಸ್ತೆ. ಅಷ್ಟಕ್ಕೆ ಏನೂ ಆಗುವುದಿಲ್ಲವೆಂದು ನಾನು ಅವಳ ಮಾತನ್ನು ತಳ್ಳಿಹಾಕಿಬಿಟ್ಟೆ.

ಆ ಒಂದಿನ ಈ ವರ್ಷ ಬಂತು. ಅಣ್ಣ ಗಾಡಿ ತಂದರು, ಜೊತೆಯಲ್ಲಿ ಮಗಳು. ಅವಳು ನರ್ಸು. ಗುಡ್ಡದ ಮೇಲಿನ ಊರುಗಳಿಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿ ಬರುವ ಕೆಲಸಕ್ಕೆ ಅವಳನ್ನು ಹಾಕಿದ್ದರು. ಹೋಗುತ್ತಾ ಇಪ್ಪತ್ತು ಮೈಲಿ ಏರು, ಬರುತ್ತಾ ಇಪ್ಪತ್ತು ಮೈಲಿ ಇಳಿಜಾರು.

"ಕೆಂಪು ಗಾಡಿ ತಗೋತೀನಿ ಅಂತಿದ್ಲು" ಎಂದರು ಅಣ್ಣ, ಮಗಳು ಕಳ್ಳತನಕ್ಕೆ ಹೊರಟಿದ್ದಳೇನೋ ಎಂಬ ದನಿಯಲ್ಲಿ. "ನಾನು ಬೇಡ ಅಂದೆ. ಇಪ್ಪತ್ತೆರಡು ವರ್ಷ ಒಂದು ಸಲಾನೂ ಕೈಕೊಡದ ಗಾಡಿ ಮನೆಲಿರೋವಾಗ ಅದ್ಯಾಕೆ? ಎಣ್ಣೆ ಹಾಕಿ ಕೊಡಯ್ಯಾ. ಸೋಮವಾರದಿಂದ ಇವಳೇ ಓಡಿಸೋದು."

ಅವರು ಚಹಾ ಹೇಳಲು ಆಚೆ ಹೋದಾಗ ಮಗಳು ಮೆಲ್ಲಗೆ ಹೇಳಿದಳು. "ಚಿಕ್ಕಪ್ಪಾ, ನಂಗೆ ಹೊಸ ಗಾಡೀನೇ ಬೇಕಿತ್ತು. ಆದ್ರೆ ಅಪ್ಪ ನಿನ್ನೆ ರಾತ್ರಿ ಊಟಾನೇ ಮಾಡ್ಲಿಲ್ಲ. ಹೋಗ್ಲಿ ಬಿಡಿ, ಇದಾದ್ರೆ ಅಪ್ಪನೇ ಜೊತೇಲಿದ್ದ ಹಾಗೆ."

ಮುಂದಿನ ಚಕ್ರದೊಳಗೆ ಇದ್ದದ್ದು ಕೆಂಪು ಕಂಪನಿಯ ಬ್ರೇಕ್ ಶೂ. ಅಗಲ ಹೆಚ್ಚಾಗಿತ್ತೆಂದು ನಾನೇ ಅರದಲ್ಲಿ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ ಕೂರಿಸಿದ್ದೆ. ಮಾರುಕಟ್ಟೆಗೆ ಅದು ಸಾಕು. ಇಪ್ಪತ್ತು ಮೈಲಿ ಇಳಿಜಾರಿನಲ್ಲಿ ಬಿಸಿಯಾದರೆ ಹಿಡಿಯುವುದಿಲ್ಲ. ಗುಡ್ಡದ ರಸ್ತೆಯ ಒಂದು ಪಕ್ಕ ಕಣಿವೆ.

ಆ ರಾತ್ರಿ ಊಟಕ್ಕೆ ಕೂತಾಗಲೂ ತಲೆಯಲ್ಲಿ ಅದೇ ಬ್ರೇಕು. ಗುಟ್ಟಾಗಿ ಬೇರೆ ಬ್ರೇಕು ಹುಡುಕಿ ಹಾಕಿಬಿಡಲೇ ಎಂದೂ ಯೋಚಿಸಿದೆ. ಬ್ರೇಕಿಗೆ ಹಾಕಿದರೆ ಕ್ಲಚ್ಚಿಗೇನು? ಚೈನಿಗೇನು? ಹೆಂಡತಿ ತಟ್ಟೆ ಎತ್ತುತ್ತಾ ಕೇಳಿದಳು: "ನಮ್ಮ ಮಗಳಾಗಿದ್ರೆ ಕಳಿಸ್ತಿದ್ರಾ?" ಅಷ್ಟೇ ಕೇಳಿದಳು. ಅದೇ ನನಗೆ ಸಾಕಾಯಿತು.

ಮಾರನೆಯ ಬೆಳಿಗ್ಗೆ ಅಣ್ಣನನ್ನು ಕರೆಸಿ ಸ್ಟೂಲಿನ ಮೇಲೆ ಕೂರಿಸಿದೆ. ಮುಂದಿನ ಚಕ್ರದ ನಟ್ಟಿಗೆ ಸ್ಪಾನರ್ ಹಾಕಿದಾಗ ಅವರು ಹೌಹಾರಿ ಎದ್ದರು.

"ಏಯ್, ಚುಕ್ಕೆ! ಚುಕ್ಕೆ ಬಿರಿಯುತ್ತೆ ಕಣೋ!"

"ಅದು ನಿಮ್ಮ ಚುಕ್ಕೆ ಅಲ್ಲ ಅಣ್ಣಾ. ನಂದು."

ಚಕ್ರ ಬಿಚ್ಚಿ ಬ್ರೇಕ್ ಶೂ ತೆಗೆದು ಅವರ ಅಂಗೈಯಲ್ಲಿಟ್ಟೆ. ಆಮೇಲೆ ಹಳೆಯ ಡಬ್ಬದಿಂದ ಅವರ ಎಂಜಿನ್ನಿನ ಸವೆದ ಭಾಗಗಳನ್ನೆಲ್ಲಾ ತಂದು ಗೋಣಿಚೀಲದ ಮೇಲೆ ಸುರಿದೆ. ಒಂಬತ್ತು ವರ್ಷದ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ. ಉಗುರುಬಣ್ಣದ ವಿಷಯವನ್ನೂ ಬಿಡಲಿಲ್ಲ. ಅವರು ನಡುಗುವ ಹೆಬ್ಬೆರಳಿನಿಂದ ನಾನು ಉಜ್ಜಿದ ಅಂಚನ್ನು ಸವರಿ ನೋಡಿದರು.

"ನೀನು ಕೆಂಪು ಸಾಮಾನು ಹಾಕಿದ್ದಕ್ಕೆ ನಾನೇನೂ ಅನ್ನಲ್ಲ" ಎಂದರು ಕೊನೆಗೆ. "ನನ್ನ ಮುಖ ನೋಡಿ ಹಾಕಿದೀಯ, ಗೊತ್ತಾಗುತ್ತೆ. ಆದ್ರೆ ಚುಕ್ಕೆ ಇಟ್ಟೆಯಲ್ಲೋ. ಚುಕ್ಕೆ ಅಂದ್ರೆ ಏನು ಅಂದ್ಕೊಂಡಿದೀಯ? ಕಂಪನಿ ಶೋಕಿಗೆ ಇಟ್ಟಿದ್ದಲ್ಲ ಅದು. ನಾನು ನೋಡಿದೀನಿ, ನೀನು ಧೈರ್ಯವಾಗಿ ಹತ್ತು ಅಂತ ಗುರುತಿಲ್ಲದವನಿಗೆ ಕೊಡೋ ಮಾತು. ಅದನ್ನ ನಂಬಿ ನನ್ನ ಮಗಳನ್ನ ಹತ್ತಿಸ್ತಿದ್ನಲ್ಲೋ."

ಕ್ಷಮಿಸಿ ಎಂದೆ. ಹೊಟ್ಟೆಗೆ ಹಾಕಿಕೊಳ್ಳಿ ಎಂದೆ. ಅವರು ಗಾಡಿಯನ್ನು ಅಲ್ಲೇ ಬಿಟ್ಟು ನಡೆದುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹಿಂದಿನಿಂದ ನೋಡಿದಾಗ ಅವರು ತೀರಾ ಸಣ್ಣಗೆ ಕಂಡರು, ನನಗೆ ಅಳು ಬಂತು.

ಸುದ್ದಿ ಹಬ್ಬಿತು. ಭಾನುವಾರದ ಗುಂಪಿನವರು ಒಬ್ಬೊಬ್ಬರಾಗಿ, ಡಾಕ್ಟರ ಹತ್ತಿರ ಬಂದವರಂತೆ, ಬಾಗಿಲಲ್ಲಿ ನಿಂತು ಕೇಳಿದರು: "ನಂದರಲ್ಲೂ ಕೆಂಪು ಸಾಮಾನು ಇದ್ಯಾ?" ಇದೆ ಎಂದೆ. ಅವರಲ್ಲಿ ಟೈಲರ್ ನನ್ನ ವಂಶವನ್ನೆಲ್ಲಾ ಜಾಲಾಡಿದ. ಪೋಸ್ಟ್‌ಮ್ಯಾನ್ ಮಾತ್ರ ತಲೆ ಕೆರೆದುಕೊಂಡು, "ಅದಕ್ಕೇನೇ ಈಗೀಗ ಚೆನ್ನಾಗಿ ಓಡ್ತಿದೆ" ಎಂದು ಹೋದ. ಫೋರ್‌ಮನ್ ಅಣ್ಣ ಬರಲಿಲ್ಲ. ಮಗಳು ಬೆಳಗಿನ ಐದೂವರೆಯ ಬಸ್ಸಿಗೆ ಹೋಗಿ ಬರುತ್ತಿದ್ದಾಳೆ, ಬಸ್ಸಿಳಿದು ನಾಲ್ಕು ಮೈಲಿ ನಡೆಯುತ್ತಾಳೆ ಎಂದು ಕೇಳಿದೆ. ಕೇಳಿದಾಗಲೆಲ್ಲಾ ತಲೆ ತಗ್ಗಿಸಿದೆ.

ಒಂದೂವರೆ ತಿಂಗಳ ಮೇಲೆ ಒಂದು ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ಬಂದರು. ಅಣ್ಣ ಒಂದು ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದರು. ಹೊಚ್ಚಹೊಸದು, ಕೆಂಪು ಕಂಪನಿಯದು. ಮುಖ ಗಂಟು ಹಾಕಿಕೊಂಡೇ ಸ್ಟ್ಯಾಂಡು ಹಾಕಿದರು.

"ನಾಳೆಯಿಂದ ಇವಳು ಇದ್ರಲ್ಲಿ ಹೋಗ್ತಾಳೆ. ಇದನ್ನ ಜೋಡಿಸಿದವನು ಯಾರೋ ನಂಗೊತ್ತಿಲ್ಲ. ನೋಡಿ ಹೇಳು."

ನಾನು ಎರಡು ಗಂಟೆ ನೋಡಿದೆ. ಎಲ್ಲವೂ ಚೆನ್ನಾಗಿತ್ತು, ಒಂದು ಬಿಟ್ಟು. ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಬ್ರೇಕಿನ ಎಣ್ಣೆ ಕೊಳವೆ ಒಂದು ಬೋಲ್ಟಿನ ತುದಿಗೆ ತಾಗುತ್ತಿತ್ತು. ತಾಗಿದ ಕಡೆ ಕೂದಲೆಳೆಯಷ್ಟು ಗೀರು ಬಿದ್ದಿತ್ತು. ತಿಂಗಳುಗಟ್ಟಲೆ ಏನೂ ಆಗದಿರಬಹುದು. ಮಗಳು ಹೆಲ್ಮೆಟ್ಟನ್ನು ಆಗಲೇ ತೋಳಿಗೆ ಸಿಕ್ಕಿಸಿಕೊಂಡು ನಗುತ್ತಾ ನಿಂತಿದ್ದಳು. ಹೋಗಬಹುದು ಎಂದುಬಿಟ್ಟರೆ ಅಣ್ಣ ನನ್ನೊಡನೆ ಮತ್ತೆ ಮೊದಲಿನಂತೆ ಮಾತಾಡುತ್ತಾರೇನೋ ಎಂಬ ಆಸೆ ನನ್ನನ್ನು ಎಳೆಯುತ್ತಿತ್ತು.

"ಇಲ್ಲ ಅಣ್ಣಾ" ಎಂದೆ. "ಈ ಕೊಳವೆ ಬದಲಾಯಿಸಿ ಬೋಲ್ಟಿಗೆ ತಾಗದ ಹಾಗೆ ಕಟ್ಟಬೇಕು. ಹೊಸದು ಬರೋಕೆ ನಾಲ್ಕು ದಿನ. ಅಲ್ಲಿವರೆಗೆ ಇದನ್ನ ಗುಡ್ಡ ಹತ್ತಿಸಬಾರದು."

"ಅಯ್ಯೋ ಚಿಕ್ಕಪ್ಪಾ, ಇಷ್ಟು ಚಿಕ್ಕ ಗೀರಿಗಾ? ಇನ್ನೂ ನಾಲ್ಕು ದಿನ ಆ ಬಸ್ಸಲ್ಲಿ ನೇತಾಡ್ಲಾ?" ಎಂದಳು ಮಗಳು. "ಅಪ್ಪಾ, ನೀವೇ ಒಂಚೂರು ನೋಡಿ."

ಅಣ್ಣ ಬಗ್ಗಿ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಕೀಲಿಯನ್ನು ನನ್ನ ಎಣ್ಣೆಗೈಗೆ ಹಾಕಿ ಮಗಳ ಕಡೆ ತಿರುಗಿದರು.

"ಬಸ್ಸಿಗೇ ಹೋಗು ಮಗಳೇ. ಇವನು ಬೇಡ ಅಂದ್ರೆ ಬೇಡ."