ತುಂಬಿದ ಬಟ್ಟಲು

ಬೇಸಿಗೆ ಮುಗಿಯುತ್ತ ಬಂದಿತ್ತು. ಹೊತ್ತು ನೆತ್ತಿಗೇರಿತ್ತು, ಗಾಳಿ ಇನ್ನೂ ಇತ್ತು.

"ಮುಂಡೇದೇ, ಮಂದೆ ನಾಯೀನ ಯಾರಾದ್ರೂ ಕಟ್ಟಾಕ್ತಾರೇನೇ? ನಿನ್ನ ಕಟ್ಟಾಕ್ಬೇಕಿತ್ತು," ಎಂದು ಬೈಜಾನ್ ಜೀಪಿನಿಂದ ಇಳಿಯುತ್ತಲೇ ಶುರುಮಾಡಿದ. ಮಂದೆ ಅವನದು, ಹುಲ್ಲುಗಾವಲು ಅವನದು. ಕುಲ್ಯಾಶ್ ಕುರಿ ಕಾಯುವ ಕೂಲಿ ಮುದುಕಿ.

ಹಿಂದಿನ ಸಂಜೆ ತೋಳ ಒಂದು ಮರಿಯನ್ನು ಹೊತ್ತೊಯ್ದಿತ್ತು. ಆಗ ಮಂದೆಯ ನಾಯಿ ಅಕ್ತೋಸ್ ಗೂಟದಲ್ಲಿತ್ತು. ನಾಯಿಗೆ ಹಗ್ಗ ಹಾಕುವುದು ಕುರಿ ಕಾಯುವವರಿಗೆ ನಾಚಿಕೆಗೇಡೆಂದು ಅವಳಿಗೂ ಗೊತ್ತು. ಆದರೆ ಕಟ್ಟೆಯ ನೀರು ವಿಷದ ಪಾಚಿಯಿಂದ ಹಸಿರು ಕೆನೆಗಟ್ಟಿತ್ತು. ಗಾಳಿ ಆ ಕೆನೆಯನ್ನು ಒಂದು ದಡಕ್ಕೆ ತಳ್ಳಿದಾಗ ಕುರಿಗಳನ್ನು ಇನ್ನೊಂದು ದಡದ ತಿಳಿನೀರಿಗೆ ಹೊಡೆಯಬಹುದು. ನಾಯಿ ಕೇಳುತ್ತದೆಯೇ? ಸೆಕೆಗೆ ಎಲ್ಲೆಂದರಲ್ಲಿ ಇಳಿದು ಮಲಗಿ, ಮೇಲೆ ಬಂದು ಮೈ ನೆಕ್ಕಿಕೊಳ್ಳುತ್ತದೆ. ಅಕ್ತೋಸಿನ ತಾಯಿ ಹಾಗೆ ನೆಕ್ಕಿಕೊಂಡದ್ದೇ, ಹಾಲು ಕಾಯುವಷ್ಟರಲ್ಲಿ ನೊರೆ ಕಾರಿ, ಕಾಲು ಸೆಟೆದು ಸತ್ತಿತ್ತು.

ನಾಯಿಗೆ ಬಾವಿ ನೀರು ಕೊಡಿ ಎಂದು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಬಾವಿಗೆ ಬೀಗ. ಆ ನೀರು ಪಂದ್ಯದ ಕುದುರೆಗಳಿಗೆ.

"ನಮ್ಮಪ್ಪ ಇದೇ ಕಟ್ಟೆ ನೀರು ಕುಡ್ದು ಬದುಕ್ದ. ನಿನ್ ನಾಯಿ ಏನು ಖಾನನ ಮಗನಾ? ಬಿಚ್ಚು."

ಜೀಪಿನ ನೆರಳಲ್ಲಿ ಅವನ ಬೇಟೆನಾಯಿ ಸೀಸೆಯ ನೀರನ್ನು ನೆಕ್ಕುತ್ತಿತ್ತು.

ಬಂದವರನ್ನು ಚಹಾ ಕೊಡದೆ ಕಳಿಸುವಂತಿಲ್ಲ. ಕುಲ್ಯಾಶ್ ಮೊಣಕಾಲು ಹಿಡಿದುಕೊಂಡು ಎದ್ದು, ಅವನ ಕಣ್ಣೆದುರೇ ಕೆಟಲನ್ನು ಹಸಿರಿಗೆ ಅದ್ದಿ ತಂದು ಬೆರಣಿಯ ಬೆಂಕಿಯ ಮೇಲಿಟ್ಟಳು. ಬೇಕಾದವರಿಗೆ ಬಟ್ಟಲಿನ ತಳ ಮುಚ್ಚುವಷ್ಟೇ ಚಹಾ ಬಿಟ್ಟು ಮತ್ತೆ ಮತ್ತೆ ಕೊಡುವುದು ಅಲ್ಲಿಯ ಮರ್ಯಾದೆ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದರ್ಥ.

ಅವಳು ಬಟ್ಟಲನ್ನು ಕಂಠಮಟ್ಟ ತುಂಬಿಸಿದಳು.

"ಕುಡೀರಿ, ದಣಿ. ನಿಮ್ಮಪ್ಪ ಕುಡ್ದ ನೀರು."

ಜೀಪಿನಲ್ಲಿ ಕೂತಿದ್ದ ಡ್ರೈವರ್ ಮುಖ ತಿರುಗಿಸಿಕೊಂಡ. ಬೈಜಾನ್ ಬಟ್ಟಲು ಮುಟ್ಟಲಿಲ್ಲ.

"ನಾಳೆ ನೀನಿಲ್ಲಿ ಕಾಣ್ಬಾರ್ದು. ನಾಯಿ ಮಾತ್ರ ಮಂದೇದು, ಬಿಟ್ಟೋಗು."

"ಮಂದೆ ನಿಮ್ದು. ಇದರವ್ವನ್ನ ಮರಿಯಿಂದ ಸಾಕಿದೋಳು ನಾನು, ಹೂತೋಳೂ ನಾನೇ. ಇದನ್ನೂ ಹೂಳಕ್ಕೆ ನನ್ ಕೈಲಾಗಲ್ಲ."

ಬೈಜಾನ್ ಗೂಟದ ಕಡೆ ಎರಡು ಹೆಜ್ಜೆ ಇಟ್ಟ. ಅಕ್ತೋಸ್ ಹಲ್ಲು ತೋರಿಸಿತು. ಅವನು ಅಲ್ಲೇ ನಿಂತ.

ಮಾರನೆಯ ದಿನ, ಗುರುವಾರ, ಕುಲ್ಯಾಶ್ ಗಂಟು ಹೊತ್ತು, ನಾಯಿಯನ್ನು ಹಗ್ಗದಲ್ಲೇ ಹಿಡಿದುಕೊಂಡು ಗುಡ್ಡ ಹತ್ತಿದಳು. ಮೇಲೆ ಹೋಗಿ ಒಮ್ಮೆ ತಿರುಗಿ ನೋಡಿದಳು. ಗಾಳಿ ನಿಂತಿತ್ತು, ಕೆನೆ ಕಟ್ಟೆಯುದ್ದಕ್ಕೂ ಹರಡಿತ್ತು. ಬಾಯಾರಿದ ಕುರಿಗಳು ಒಂದರ ಹಿಂದೊಂದು ನೀರಿಗೆ ಇಳಿಯುತ್ತಿದ್ದವು. ತಿರುಗಿಸಲು ಅಲ್ಲಿ ಅವಳೂ ಇರಲಿಲ್ಲ, ನಾಯಿಯೂ ಇರಲಿಲ್ಲ.