ಬದನೆಕಾಯಿ ಬಿಲ್ಲೆ

ಸೊಂಟಕ್ಕೆ ಕತ್ತಿ ಕಟ್ಟಬಾರದೆಂದು ಸರ್ಕಾರ ಡಂಗುರ ಹೊಡೆಸಿದ ಮೇಲೆ ಕುಮಾಮೊತೊದಲ್ಲಿ ತ್ಸುಬಾ ಎಂದರೆ ಗುಜರಿ. ಹಿಡಿಗೂ ಅಲಗಿಗೂ ನಡುವೆ ಕೂತು ಕೈ ಕಾಯುತ್ತಿದ್ದ ಆ ಕಬ್ಬಿಣದ ಬಿಲ್ಲೆಗಳನ್ನು ವ್ಯಾಪಾರಿ ಯಾಹೆ ಬುಟ್ಟಿಗಟ್ಟಲೆ ತಂದು ಒರಿಕುವಿನ ಜಗಲಿಯ ಮೇಲೆ ಸುರಿಯುತ್ತಿದ್ದ. ಅವಳು ಮೂಳೆಚೂರಿನಿಂದ ಕೆಂಪು ತುಕ್ಕು ಕೆರೆದು, ಒಳಗಿನ ಕಪ್ಪು ಉಳಿಸಿಕೊಡಬೇಕು. ಬಿಳಿಯರು ಕೊಳ್ಳುತ್ತಾರಂತೆ, ಕಾಗದ ಹಾರದ ಹಾಗೆ ಮೇಲಿಡುವುದಕ್ಕೆ! ಬಿಲ್ಲೆ ಬಡಿಯುವುದರಲ್ಲೇ ಕೂದಲು ನೆರೆಸಿಕೊಂಡ ಅವಳ ಅಪ್ಪ ಇದನ್ನು ಕೇಳಲು ಬದುಕಿರಲಿಲ್ಲ. ಪುಣ್ಯಾತ್ಮ.

ಗಂಡ ಜಿನ್ನೊಸುಕೆ ಹೋದ ವರ್ಷ ದಂಗೆಯವರ ಜೊತೆ ಯುದ್ಧಕ್ಕೆ ಹೋದವನು. ಸತ್ತವರ ಹೆಸರುಗಳು ಬಂದವು, ಸೆರೆಯಿಂದ ಬಿಡುಗಡೆಯಾದವರು ಮನೆಗೆ ಬಂದರು, ಅವನ ಸುದ್ದಿ ಮಾತ್ರ ಇಲ್ಲ. ಮರದ ಹಲಗೆಯ ಮೇಲೆ ಸತ್ತವನ ಹೆಸರು ಬರೆಸಿ ಪೂಜೆಗಿಡು ಎಂದು ಗುಡಿಯ ಗುರುಗಳು ತಿಂಗಳಿಗೊಮ್ಮೆ ಹೇಳುತ್ತಿದ್ದರು. "ಹೆಣ ತೋರ್ಸಿ, ಬರೆಸ್ತೀನಿ" ಎನ್ನುತ್ತಿದ್ದಳು ಒರಿಕು. ಎರಡು ಬಟ್ಟಲು ಅನ್ನ ಬಡಿಸಿ ಒಂದನ್ನೇ ಉಣ್ಣುವ ಹೆಂಗಸನ್ನು ಊರು ಹಟಮಾರಿ ಎಂದಿತು.

"ನೋಡಕ್ಕಾ, ಈ ಸಲ ತರಕಾರಿನೂ ತಂದಿದ್ದೀನಿ" ಎಂದು ಯಾಹೆ ಆವತ್ತು ಬೆಳಿಗ್ಗೆ ನಗುತ್ತ ಒಂದು ಬಿಲ್ಲೆ ಮುಂದೆ ಹಿಡಿದ. ಜೋಡಿ ಬದನೆಕಾಯಿ ಕೊರೆದದ್ದು. ಅವಳ ಮದುವೆಗೆಂದು ಅಪ್ಪನೇ ಬಡಿದು ಅಳಿಯನ ಕತ್ತಿಗೆ ಕೊಟ್ಟದ್ದು. ಆ ಕತ್ತಿ ಕಟ್ಟಿಕೊಂಡೇ ಅವನು ಯುದ್ಧಕ್ಕೆ ಹೋಗಿದ್ದ.

"ಎಲ್ಲಿ ಸಿಕ್ತು?"

"ನಾಗಾಸಾಕಿ ಅಂಗಡೀಲಿ. ಯಾವ್ದೋ ಹೆಣದ್ದಿರ್ಬೇಕು ಬಿಡು."

ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ಅಲಗು ತೂರುವ ಕಂಡಿ ಸಡಿಲವಾಗದಿರಲೆಂದು ಮೇಲೊಂದು ಕೆಳಗೊಂದು ತಾಮ್ರದ ತುಂಡು ಕೂರಿಸಿದ್ದು ಅವಳೇ. ಕೆಳಗಿನದಕ್ಕೆ ಅಕ್ಕಿಕಾಳಿಗಿಂತ ಸಣ್ಣ ಬೆಣೆ ಹೊಡೆದಿದ್ದಳು. ಮೊದಲು ಅದನ್ನು ಪಕ್ಕಕ್ಕೆಳೆಯದೆ ತಾಮ್ರ ಕಿತ್ತರೆ ಕಬ್ಬಿಣದ ಅಂಚು ಮುರಿಯಲೇಬೇಕು. ಆ ಗುಟ್ಟು ಗಂಡನೊಬ್ಬನಿಗೇ ಗೊತ್ತಿತ್ತು. ಅವನ ಬೆರಳು ಹಿಡಿದು ಕಲಿಸಿದ್ದಳು.

ಈಗ ತಾಮ್ರ ಎರಡೂ ಇಲ್ಲ. ಅಂಚಿಗೆ ಒಂದು ಗೀರೂ ಬಿದ್ದಿಲ್ಲ.

ಬದುಕಿದ್ದಾನೆ! ಸಂತೋಷಕ್ಕೆ ಅವಳ ಕಣ್ಣು ತುಂಬಿ ಬಂತು. ಎಲ್ಲೋ ನೆಮ್ಮದಿಯಾಗಿ ಕೂತು, ನಿಧಾನವಾಗಿ, ಕಲಿಸಿದ ಹಾಗೇ ಬಿಚ್ಚಿದ್ದಾನೆ. ಯಾರೂ ಬೆನ್ನಟ್ಟಿರಲಿಲ್ಲ. ಕೈ ಎರಡೂ ನೆಟ್ಟಗಿವೆ. ಬೆಣೆ ಎಳೆಯುವ ಕೈಗೆ ನಾಲ್ಕು ಸಾಲು ಬರೆಯುವುದು ಕಷ್ಟವೇ? ನಾಗಾಸಾಕಿಯಿಂದ ಎರಡೇ ದಿನದ ದಾರಿ. ಆ ಸಂತೋಷ ಅಲ್ಲಿಗೇ ಇಂಗಿಹೋಯಿತು.

"ಯಾಕಕ್ಕಾ, ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ. ಮಾರ್ಕೋ."

ಕೈ ತೊಳೆದು ನೇರ ಗುಡಿಗೆ ನಡೆದಳು. ಗುರುಗಳು ಅಂಗಳ ಗುಡಿಸುತ್ತಿದ್ದರು.

"ಸುದ್ದಿ ಬಂತೇನಮ್ಮ?"

"ಬಂತು ಗುರುಗಳೇ. ಹಲಗೆ ಬರೀರಿ."

"ಅಯ್ಯೋ ಪಾಪ" ಎಂದು ಅವರು ಪೊರಕೆ ಗೋಡೆಗೊರಗಿಸಿ ಮಸಿ ತೇಯಲು ಕೂತರು. "ತೀರ್ಕೊಂಡ ದಿನ ಯಾವ್ದು ಅಂತ ಹಾಕ್ಲಿ?"

ಒರಿಕು ಗೋಡೆಗೊರಗಿಸಿದ್ದ ಪೊರಕೆ ಎತ್ತಿಕೊಂಡು ಉಳಿದ ಅಂಗಳ ಗುಡಿಸತೊಡಗಿದಳು.

"ಇವತ್ತು ಅಂತ್ಲೇ ಹಾಕಿ" ಎಂದಳು.